ಹಪ್ಪಳದ ಚಾಪೆಯ ಮೇಲೆ ಲ್ಯಾಟಿನ್ ಸ್ತೋತ್ರ

ಆ ಗ್ರಾಮಫೋನ್ ಪ್ಲೇಟು ಮನೆಗೆ ಬಂದ ಮೇಲೆ ಏನಾದರೊಂದು ನಡೆಯದ ವಾರವಿರಲಿಲ್ಲ. ಬಂದದ್ದು ಒಂದು ಸಾಮಾನ್ಯ ಮಂಗಳವಾರ. ನಾನು ಐದನೇ ಕ್ಲಾಸಿನ ಭಾಗಾಕಾರ ತಿದ್ದುತ್ತಿದ್ದೆ. ಹೆಂಡತಿ ತೀರಿಕೊಂಡು ಆಗ ನಾಲ್ಕು ತಿಂಗಳು. ಮದುವೆಗೆ ಮುಂಚೆ ಅವಳು ಪಟ್ಟಣದ ಪ್ರಧಾನ ಇಗರ್ಜಿಯ ಗಾಯಕವೃಂದದಲ್ಲಿದ್ದಳು. ಆಗ ಅವರೆಲ್ಲ ಸೇರಿ ಹಾಡಿದ ಲ್ಯಾಟಿನ್ ಸ್ತೋತ್ರದ ಪ್ಲೇಟನ್ನು ಅಲ್ಲಿಯ ಪಾದ್ರಿಗಳು ಅಂಚೆಯಲ್ಲಿ ಕಳಿಸಿದ್ದರು. ಮೂವತ್ತು ಜನರ ದನಿ, ಅದರಲ್ಲಿ ಒಂದು ಅವಳದು. ಯಾವುದೆಂದು ಎಷ್ಟು ಕೇಳಿದರೂ ನನಗೆ ತಿಳಿಯಲಿಲ್ಲ.

೧

ಯುದ್ಧಕಾಲ. ಕುಂದಾಪುರದಲ್ಲಿ ಗ್ರಾಮಫೋನಿನ ಮುಳ್ಳು ಸಿಗುತ್ತಿರಲಿಲ್ಲ. "ಲಿಂಬೆ ಮುಳ್ಳ್ ಹಾಕಿ ಕಾಂಬ" ಎಂದರು ಡ್ರಿಲ್ ಮಾಸ್ತರರು. ಹಾಕಿದೆ; ಮೆಲ್ಲಗೆ, ಆದರೆ ಸರಿಯಾಗಿಯೇ ಹಾಡಿತು. ವಾರ ಕಳೆದು ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಕೂಗಿದರು: "ಹ್ವಾಯ್ ಮಾಷ್ಟ್ರೆ! ಹಣ್ಣೆಲ್ಲ ಮರದಗೇ ಇತ್ತ್, ಮುಳ್ಳ್ ಮಾತ್ರ ಕದ್ಕಂಡ್ ಹೋಯ್ದ. ಇವ ಎಂಥ ಕಳ್ಳ ಮಾರಾಯ್ರೆ?"

೨

ತಪ್ಪೊಪ್ಪಿಕೊಂಡು, ಅಜ್ಜಿಯನ್ನು ಅವರ 'ಬಾಯಮ್ಮ'ನ, ಅಂದರೆ ನನ್ನ ಹೆಂಡತಿಯ, ಹಾಡು ಕೇಳಲು ಕರೆದೆ. ಅವರು ಕಾಲು ತೊಳೆದು, ತೆಂಗಿನಕಾಯಿ ಹಿಡಿದು ಬಂದರು. "ದೇವ್ರ್ ಪದ ಅಲ್ದಾ?" ಎಂದು ಗ್ರಾಮಫೋನಿಗೆ ಕೈಮುಗಿದು ಕುಳಿತರು. ಪ್ಲೇಟು ಮುಗಿದ ಮೇಲೂ ಏಳಲಿಲ್ಲ, ಬೊಗಸೆ ಒಡ್ಡಿದರು: "ಪ್ರಸಾದ?"

ಮನೆಯಲ್ಲಿದ್ದದ್ದು ಬೆಲ್ಲ. ಕೊಟ್ಟೆ. ಮರುದಿನ ಪ್ರಸಾದಕ್ಕೆ ಏಳು ಮಂದಿ ಬಂದರು, ಒಬ್ಬರು ಅಷ್ಟು ದೂರದ ಕುಂಭಾಶಿಯಿಂದ.

೩

ಒಂದು ಬೆಳಿಗ್ಗೆ ಪ್ಲೇಟಿನ ಧೂಳು ತೊಳೆದು, ಜಗಲಿಯ ನೆರಳಿಗೆ ಒರಗಿಸಿ ಶಾಲೆಗೆ ಹೋದೆ. ಸಂಜೆ ಬಂದು ನೋಡಿದರೆ ಅದು ಅಜ್ಜಿಯ ಅಂಗಳದ ಚಾಪೆಯ ಮೇಲೆ, ಹಲಸಿನ ಹಪ್ಪಳಗಳ ನಡುವೆ ಬಿಸಿಲು ಕಾಯುತ್ತಿತ್ತು.

"ಒದ್ದೆ ಇತ್ತಲೆ, ಒಣಗ್ಲಿ ಅಂದೇಳಿ ಹಾಕ್ದೆ. ಮಧ್ಯಾಹ್ನ ಒಂದ್ಸಲ ಮಗುಚಿಯೂ ಹಾಕಿದ್ದೆ" ಎಂದರು ಅಜ್ಜಿ.

ಬಿಸಿಲಿಗೆ ಪ್ಲೇಟಿನ ಅಂಚೆಲ್ಲ ಮೇಲೆದ್ದಿತ್ತು. ಅಜ್ಜಿ ನನ್ನ ಮುಖ ನೋಡಿದರು. ಬಿಸಿ ಆರುವ ಮೊದಲೇ ಪ್ಲೇಟನ್ನು ಎರಡು ಮಣೆಗಳ ನಡುವೆ ಇಟ್ಟು, ಮೇಲೆ ತಾವೇ ಕುಳಿತುಬಿಟ್ಟರು. "ಹಪ್ಪಳ ಸೊಟ್ಟ ಆರೆ ಹೀಂಗೇ ಮಾಡುದ್." ದೀಪ ಹಚ್ಚುವ ಹೊತ್ತಿನವರೆಗೂ ಏಳಲಿಲ್ಲ, ಸೊಸೆ ಕಾಫಿಯನ್ನು ಅಲ್ಲಿಗೇ ತಂದುಕೊಟ್ಟಳು.

ಅಜ್ಜಿಯೊಂದಿಗೆ ಮನೆಗೆ ಬಂದು ಪ್ಲೇಟು ಹಾಕಿದೆ. ದೋಣಿಯ ಹಾಗೆ ಏರಿಳಿಯುತ್ತ ಹಾಡಿತು. ನಾನು ಗೋಡೆಗೆ ಒರಗಿ ಉಸಿರು ಬಿಟ್ಟೆ.

ಅಜ್ಜಿ ತಟ್ಟನೆ ಬೆರಳೆತ್ತಿದರು. "ಕಾಣಿ, ನಮ್ ಬಾಯಮ್ಮ! ಅವಳ್ ಸ್ವರ ಎಲ್ಲರ್ಕಿಂತ ಮುಂದೆ ಓಡತ್ತ್ ಕಾಣಿ! ಬಾವಿಕಟ್ಟೆಯಗೂ ಹಾಂಗೇ. ನಾನ್ ಕೇಂಬುಕ್ ಮುಂಚೆ ಉತ್ತರ ಕೊಡ್ತಿದ್ಲ್."

ನಾನು ನಕ್ಕೆ. ಮತ್ತೆ ಮೊದಲಿನಿಂದ ಹಾಕಿ, ಎಣಿಸುತ್ತ ಕೇಳಿದೆ.

ಪ್ಲೇಟಿನ ಆ ಬದಿಯಲ್ಲಿ ಅವಳು ಮೂರು ಕಡೆ ಎಲ್ಲರಿಗಿಂತ ಮೊದಲು ಬಂದಿದ್ದಾಳೆ.