ಸಂಚಾಯಕದ ನಾಮಕರಣ

ಬಹಳ ಹಿಂದೆ, ಅಂದರೆ ಊರಿಗೆ ಕರೆಂಟು ಬಂದ ಮೇಲೆ ಮತ್ತು ಅದು ಹೋಗುವುದು ರೂಢಿಯಾದ ಮೇಲೆ, ಪ್ರಭಾವತಿ ಎಂಬ ಒಂದು ರಾಜ್ಯವಿತ್ತು. ಶ್ರೀಮನ್ಮಹಾರಾಜ ಸ್ವಯಂಪ್ರಭ ಭೂಪಾಲರು ಅದನ್ನು ಆಳುತ್ತಿದ್ದರು. ಅರಮನೆಗೆ ಎರಡು ಜನರೇಟರುಗಳಿದ್ದುದರಿಂದ ರಾಜ್ಯದಲ್ಲಿ ಕತ್ತಲೆ ಇದೆ ಎಂಬ ಸುದ್ದಿ ಅವರನ್ನು ತಲುಪಿರಲಿಲ್ಲ.

ತಲುಪಿಸಿದವಳು ಹೊನ್ನಾಜಮ್ಮ. ರಾಜಧಾನಿಯ ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷದಿಂದ ನರ್ಸ್. ಅಲ್ಲಿನ ಹೆರಿಗೆ ಕೋಣೆಗೆ ಕಿಟಕಿ ಇಡುವುದನ್ನು ಕಟ್ಟಿದವರು ಮರೆತಿದ್ದರು. ಕರೆಂಟು ಹೋದರೆ ಹಾಡುಹಗಲೇ ಗವ್ವೆನ್ನುವ ಕತ್ತಲೆ, ಬ್ಯಾಟರಿಯ ದೀಪವೇ ಗತಿ. ಇದ್ದ ಎರಡು ಬ್ಯಾಟರಿಗಳಲ್ಲಿ ಒಂದು ಸತ್ತಿತ್ತು. ಇನ್ನೊಂದಕ್ಕೆ ಆಕೆ ತಿಂಗಳು ತಿಂಗಳು ಡಿಸ್ಟಿಲ್ಡ್ ವಾಟರ್ ಹಾಕಿ, ತುದಿಗಳಿಗೆ ವ್ಯಾಸಲಿನ್ ಸವರಿ, ಬಾಣಂತಿಯನ್ನು ನೋಡಿಕೊಂಡಂತೆ ನೋಡಿಕೊಳ್ಳುತ್ತಿದ್ದಳು. ಅದೂ ಕೈಕೊಟ್ಟರೆ ತಾಯಿಯನ್ನೋ ಮಗುವನ್ನೋ ಕಳೆದುಕೊಳ್ಳಬೇಕಾದೀತೆಂಬ ಭಯ ಆಕೆಗೆ. ಅದಕ್ಕೇ ಅರ್ಜಿ ಬರೆದಳು: 'ಹೊಸ ಬ್ಯಾಟರಿ ಒಂದು ಬೇಕು.'

ಅರ್ಜಿ ಇಂಧನ ಖಾತೆಗೆ ಹೋಯಿತು. ಅಲ್ಲಿ ಕರೆಂಟಿಲ್ಲದೆ ಅದನ್ನು ಓದಲಾಗದ ಕಾರಣ ಪಕ್ಕದ ಪದಶುದ್ಧಿ ಖಾತೆಗೆ ಕಳಿಸಿದರು. ಪದಶುದ್ಧಿ ಮಂತ್ರಿ ದೀಪಶೇಖರರು ಅದನ್ನು ಓದಿ, ಹೊನ್ನಾಜಮ್ಮನನ್ನೂ ಕರೆಸಿಕೊಂಡು ಆಸ್ಥಾನಕ್ಕೆ ಧಾವಿಸಿದರು.

"ಮಹಾಪ್ರಭೋ, ದೋಷ ಪತ್ತೆಯಾಯಿತು. ನಮ್ಮ ಹಳೆಯ ವಿಜ್ಞಾನ ಪುಸ್ತಕಗಳಲ್ಲಿ ಈ ಯಂತ್ರಕ್ಕೆ ಸಂಚಾಯಕ ಎಂಬ ದಿವ್ಯನಾಮವಿದೆ. ಸಂಚಯಿಸುವುದು, ಅಂದರೆ ವಿದ್ಯುತ್ತನ್ನು ಕೂಡಿಡುವುದು. ಬ್ಯಾಟರಿ ಬ್ಯಾಟರಿ ಎಂದು ಕರೆದರೆ ಪಾಪ, ತನ್ನ ಕೆಲಸವೇನೆಂದು ಅದಕ್ಕಾದರೂ ಹೇಗೆ ತಿಳಿಯಬೇಕು?"

"ಸತ್ಯ!" ಎಂದರು ಮಹಾರಾಜರು. "ನಮ್ಮನ್ನು ಸ್ವಯಂಪ್ರಭ ಎಂದು ಕರೆಯದಿದ್ದರೆ ನಾವು ಹೀಗೆ ಹೊಳೆಯುತ್ತಿದ್ದೆವೆ?"

"ಪ್ರಭುಗಳು ಹೊಳೆಯುವುದನ್ನು ಕಂಡು ಸೂರ್ಯನೇ ರಜೆ ಕೇಳಿದ್ದಾನೆ," ಎಂದರು ಮಂತ್ರಿಗಳು.

ಹೊನ್ನಾಜಮ್ಮ ಕೈಮುಗಿದಳು. "ಬುದ್ಧೀ, ಅದ್ರೊಳಗಿನ ತಗಡೇ ತಿಂದೋಗೈತೆ. ಹೆಸ್ರು ಕಟ್ಕೊಂಡು ನಾನೇನ್ ಮಾಡ್ಲಿ? ಹೊಸದೊಂದು ಕೊಡ್ಸಿಬುಡಿ."

ಸಭೆಯ ನಡಾವಳಿಯಲ್ಲಿ ಇದನ್ನು 'ನಕಾರಾತ್ಮಕ ಫೀಡ್‌ಬ್ಯಾಕ್' ಎಂದು ನಮೂದಿಸಲಾಯಿತು.

ಸಂಜೆಯೊಳಗೆ ರಾಜಾಜ್ಞೆ ಹೊರಬಿತ್ತು. ಬ್ಯಾಟರಿ ಎಂಬ ಮಾತನ್ನು ಯಾರೂ ಆಡಕೂಡದು. ಸಂಚಾಯಕ ಎನ್ನುವುದು ಮತ್ತೆ ಮತ್ತೆ ಚಾರ್ಜ್ ಮಾಡಬಲ್ಲ ಕೋಶಕ್ಕೆ ಮಾತ್ರ ಸಲ್ಲುವ ಹೆಸರು. ಒಮ್ಮೆ ಉರಿದು ಸಾಯುವ ಟಾರ್ಚಿನ ಸೆಲ್ಲುಗಳಿಗೆ ಆ ಯೋಗ್ಯತೆ ಇಲ್ಲ. ತಜ್ಞರ ಸಮಿತಿ ಅವಕ್ಕೊಂದು ಹೆಸರು ಹುಡುಕುವವರೆಗೆ ಅಂಗಡಿಯಲ್ಲಿ ಅವನ್ನು ಬೆರಳು ತೋರಿಸಿ ಕೊಳ್ಳತಕ್ಕದ್ದು.

ಮರುದಿನ ಅರಮನೆಯಲ್ಲಿ, ಆಸ್ಪತ್ರೆಯಿಂದ ತರಿಸಿದ ಸತ್ತ ಬ್ಯಾಟರಿಗೆ ಶಾಸ್ತ್ರೋಕ್ತ ನಾಮಕರಣ. ಬೆಳ್ಳಿ ತೊಟ್ಟಿಲು, ಮುತ್ತೈದೆಯರ ಜೋಗುಳ, ಪ್ರಾಯೋಜಕರ ಫ್ಲೆಕ್ಸು. ಕೂಸಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕಲ್ಲ, ಕಿವಿ ಯಾವುದು ಎಂಬ ಪ್ರಶ್ನೆ ಎದ್ದಿತು. ಮುಕ್ಕಾಲು ಗಂಟೆ ಚರ್ಚಿಸಿ, ಕೆಂಪು ತುದಿಯೇ ಬಲಗಿವಿ ಎಂದು ತೀರ್ಮಾನಿಸಿದರು. ಮಂತ್ರಿಗಳು ಬಗ್ಗಿ ಮೂರು ಸಲ ಉಸುರಿದರು. ಅದಕ್ಕೆ ಜೋಡಿಸಿದ್ದ ಬಲ್ಬು ಹತ್ತಲಿಲ್ಲ.

"ಕೂಸು ನಾಚಿಕೊಂಡಿದೆ ಪ್ರಭೋ," ಎಂದ ಮಂತ್ರಿಗಳು ಇಬ್ಬರು ಭಟರಿಗೆ ಕಣ್ಸನ್ನೆ ಮಾಡಿದರು. ಅರ್ಧ ಗಂಟೆಯಲ್ಲಿ ಅವರು ಹೆರಿಗೆ ಆಸ್ಪತ್ರೆಯ ಇನ್ನೊಂದು ಬ್ಯಾಟರಿಯನ್ನು, ಬದುಕಿದ್ದುದನ್ನು, ಹೊತ್ತು ತಂದರು.

ಅರಮನೆಯ ಅಪ್ಪಣೆಯಂತೆ ಬಂದು ತೊಟ್ಟಿಲ ಬಳಿ ನಿಂತಿದ್ದ ಹೊನ್ನಾಜಮ್ಮ ಅಡ್ಡಬಂದಳು. "ಅಯ್ಯಯ್ಯೋ, ಅದನ್ಯಾಕ್ ತಂದ್ರಪ್ಪ! ಅಲ್ಲೊಬ್ಳು ನೋವು ತಿಂತಾವ್ಳೆ, ಚೊಚ್ಚಲು!"

"ಎರಡೇ ಗಂಟೆ ತಾಯಿ," ಎಂದರು ಮಂತ್ರಿಗಳು.

ಬಲ್ಬು ಝಗ್ಗೆಂದಿತು. ಮಹಾರಾಜರ ಕಣ್ಣಲ್ಲಿ ಆನಂದಬಾಷ್ಪ. ಆ ಬ್ಯಾಟರಿಗೆ 'ಆದಿ ಸಂಚಾಯಕ' ಎಂಬ ಬಿರುದು ಕೊಟ್ಟು ಅಲ್ಲೇ ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಸತ್ತದ್ದಕ್ಕೆ ಹಿತ್ತಾಳೆಯ ನಾಮಫಲಕ ಹೊಡೆದು, ಹೊನ್ನಾಜಮ್ಮನ ಜೊತೆ ಆಸ್ಪತ್ರೆಗೆ ಸಾಗಹಾಕಿದರು.

ಆಕೆ ಬಂದು ನೋಡಿದರೆ ಕರೆಂಟಿಲ್ಲ. ಚೊಚ್ಚಲಿನ ಹುಡುಗಿ ಕೆಂಪಾಜಿ ಕತ್ತಲಲ್ಲಿ ಚೀರುತ್ತಿದ್ದಳು: "ಸಿಸ್ಟರಮ್ಮಾ, ನೀವೆಲ್ಲಿದ್ದೀರಿ?"

"ಇಲ್ಲೇ ಇವ್ನಿ ಕಣವ್ವ, ಹೆದರ್ಬ್ಯಾಡ."

ಕೆಂಪಾಜಿಯ ಗಂಡ ಅಂಗಡಿಗೆ ಓಡಿದ. ಬೆರಳು ತೋರಿಸಿದ್ದಕ್ಕೆ ಮೊದಲು ಊದುಬತ್ತಿ ಕೊಟ್ಟರು, ಆಮೇಲೆ ಸೋಪು ಕೊಟ್ಟರು. ಮೂರನೇ ಸಲಕ್ಕೆ ಟಾರ್ಚೂ ಸೆಲ್ಲೂ ಸಿಕ್ಕವು. ಟಾರ್ಚು ಹಿಡಿಯುವುದಕ್ಕೆ ಇನ್ನೊಬ್ಬ ನರ್ಸ್ ಇರಲಿಲ್ಲ. ಹೊನ್ನಾಜಮ್ಮ ಅದನ್ನು ಹಲ್ಲಲ್ಲಿ ಕಚ್ಚಿಕೊಂಡು ಎರಡೂ ಕೈಗಳನ್ನು ಕೆಲಸಕ್ಕೆ ಹಚ್ಚಿದಳು. ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಮಂಕು ಬೆಳಕಿನಲ್ಲಿ ಅದನ್ನು ಬಿಡಿಸುವಾಗ ಆಕೆಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅದು ಕೋಪದ್ದು. ಒಂದು ಗಂಟೆಯ ಮೇಲೆ ಹೆಣ್ಣುಮಗು ಅತ್ತಿತು. ತಾಯಿಯೂ ಉಳಿದಳು.

ಅಷ್ಟೂ ಹೊತ್ತು ಬಾಗಿಲ ಹೊರಗೆ ಪದಶುದ್ಧಿ ಖಾತೆಯ ಇನ್‌ಸ್ಪೆಕ್ಟರು ಕಿವಿಗೊಟ್ಟು ನಿಂತಿದ್ದರು. ಅವರು ವರದಿ ಬರೆದರು: 'ಇಂಥ ಕಷ್ಟದಲ್ಲೂ ಈ ಮಹಿಳೆ ನಿಷಿದ್ಧ ಪದವನ್ನು ಒಮ್ಮೆಯೂ ನುಡಿಯಲಿಲ್ಲ.'

ವಾರದೊಳಗೆ ಹೊನ್ನಾಜಮ್ಮನಿಗೆ ಶಾಲು, ಹಾರ, 'ಪದಶುದ್ಧಿ ರತ್ನ' ಪ್ರಶಸ್ತಿ. ಎರಡು ಮಾತಾಡಿ ಎಂದರು. ಆಕೆ ಮಾತಾಡಲಿಲ್ಲ, ದವಡೆ ಇನ್ನೂ ನೋಯುತ್ತಿತ್ತು. ಅದನ್ನು ವಿನಯ ಎಂದು ಬರೆದುಕೊಂಡರು. ಮಹಾರಾಜರು ಅದೇ ವೇದಿಕೆಯಿಂದ ಹೊಸ ಆಜ್ಞೆ ಹೊರಡಿಸಿದರು: ಇನ್ನು ಮುಂದೆ ರಾಜ್ಯದ ಎಲ್ಲ ನರ್ಸುಗಳೂ ಬಾಯಲ್ಲಿ ಟಾರ್ಚು ಕಚ್ಚಿಕೊಂಡೇ ಹೆರಿಗೆ ಮಾಡಿಸತಕ್ಕದ್ದು. ಟಾರ್ಚನ್ನು ಬಸುರಿಯೇ ತರತಕ್ಕದ್ದು.