ದಾರಿಹೋಕರಾದ ಅತ್ತೆ

— ಅಂದ್ರೆ, ಇವತ್ತು ಸಂಜೆ ನಾನು ಬಸ್ ನಿಲ್ದಾಣದ ಕಡೆ ಕಾಲೇ ಇಡಬಾರದು ಅಂತೀಯಾ?

— ಕಾಲಿಡಿ ಅತ್ತೆ, ಯಾರು ಬೇಡ ಅಂದ್ರು? ಕ್ಯಾಮೆರಾ ಮುಂದೆ ಬರಬೇಡಿ ಅಂದೆ ಅಷ್ಟೆ.

— ನಾನಾಗಿ ಯಾವತ್ತು ಬಂದಿದೀನಿ? ಕ್ಯಾಮೆರಾನೇ ನನ್ನ ಮುಂದೆ ಬರುತ್ತೆ.

ತೊಮೆಕೊ ಮೂಲಂಗಿ ತುರಿಯುವುದನ್ನು ನಿಲ್ಲಿಸಲಿಲ್ಲ. ಎಪ್ಪತ್ತಾರರ ವಯಸ್ಸಿನಲ್ಲೂ ಆ ಕೈ ನಿಂತದ್ದಿಲ್ಲ, ಬಾಯಿಯಂತೂ ಇಲ್ಲವೇ ಇಲ್ಲ. ಎದುರಿಗೆ ನಿಂತೇ ಮಿಸೊ ಸಾರು ಕುಡಿಯುತ್ತಿದ್ದ ಸೊಸೆ ಚಿಹಾರು ಒಂಬತ್ತು ವರ್ಷದಿಂದ ಯೊನಾಗೊ ಊರಿನ ಪುಟ್ಟ ಟಿವಿ ವಾಹಿನಿಯೊಂದರ ವರದಿಗಾರ್ತಿ. ತೊಮೆಕೊ ಅವರ ಮಗ, ಅಂದರೆ ಚಿಹಾರುವಿನ ಗಂಡ, ಓಕಿ ಎಂಬ ದ್ವೀಪಕ್ಕೆ ಹೋಗಿಬರುವ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವನು. ವಾರದಲ್ಲಿ ಎರಡು ದಿನ ಮನೆಯಲ್ಲಿರುತ್ತಾನೆ, ಆ ಎರಡು ದಿನವೂ ಮಲಗಿರುತ್ತಾನೆ. ಹಾಗಾಗಿ ಈ ಮನೆಯ ಜಗಳಗಳಿಗೆ ಮಧ್ಯಸ್ಥಿಕೆಯ ಕಾಟವಿರಲಿಲ್ಲ.

ಇದೆಲ್ಲ ಶುರುವಾದದ್ದು ಮೂರು ಚಳಿಗಾಲದ ಹಿಂದೆ. ಮೊದಲ ಹಿಮ ಬಿದ್ದಿತ್ತು. ಜನರ ಅಭಿಪ್ರಾಯ ಕೇಳಬೇಕೆಂದು ಚಿಹಾರು ರೈಲು ನಿಲ್ದಾಣದ ಮುಂದೆ ಮೈಕ್ ಹಿಡಿದು ನಿಂತಿದ್ದಳು. ಈ ಊರಿನವರು ಮೈಕ್ ಕಂಡರೆ ಮುಖದ ಮುಂದೆ ಅಂಗೈ ಆಡಿಸಿ ಸರಸರನೆ ನಡೆದುಬಿಡುತ್ತಾರೆ. ಮುಕ್ಕಾಲು ಗಂಟೆ ಹಾಗೇ ಕಳೆದಾಗ, ಅವಳು ಮನೆಯಲ್ಲಿ ಮರೆತಿದ್ದ ಊಟದ ಡಬ್ಬಿ ಹಿಡಿದು ಅತ್ತೆ ಬಂದರು. ದಿಕ್ಕುತೋಚದೆ ಚಿಹಾರು ಅವರ ಮುಂದೆಯೇ ಮೈಕ್ ಚಾಚಿ, ಗುರುತೇ ಇಲ್ಲದವಳಂತೆ, ಈ ಹಿಮದ ಬಗ್ಗೆ ತಮಗೇನನ್ನಿಸುತ್ತದೆ ಎಂದು ಕೇಳಿದಳು. ಚಳಿಗಾಲದಲ್ಲಿ ಹಿಮ ಬೀಳದೆ ಕಲ್ಲಂಗಡಿ ಬೀಳುತ್ತದೆಯೇ ಎಂದರು ತೊಮೆಕೊ. ವಾಹಿನಿ ಅದನ್ನು ಮೂರು ಸಲ ತೋರಿಸಿತು.

ಆಮೇಲೆ ರೂಢಿಯಾಯಿತು. ಏಡಿಯ ಬೆಲೆ ಏರಿದಾಗ ತೊಮೆಕೊ ಮೀನು ಮಾರುಕಟ್ಟೆಯ ಗ್ರಾಹಕರು. ಜ್ವರದ ಚುಚ್ಚುಮದ್ದಿನ ಸಾಲಿನಲ್ಲಿ ರೋಗಿ. ಚುನಾವಣೆಯಲ್ಲಿ ಮತದಾರರು. ಪ್ರತಿಸಲ ಬೇರೆ ಟೋಪಿ, ಪರದೆಯ ಮೇಲೆ ಮಾತ್ರ ಒಂದೇ ಪದ: ದಾರಿಹೋಕರು. ಹನ್ನೊಂದನೇ ಸಲದ ನಂತರ ವೀಕ್ಷಕರೊಬ್ಬರು ವಾಹಿನಿಗೆ ಕಾಗದ ಬರೆದು, ನಮ್ಮ ಊರಿನಲ್ಲಿ ಇರುವುದು ಒಬ್ಬರೇ ಅಜ್ಜಿಯೇ ಎಂದು ವಿನಯದಿಂದ ವಿಚಾರಿಸಿದರು. ಸಂಪಾದಕ ಹಮಸಾಕಿ ಆ ಕಾಗದವನ್ನು ಚಿಹಾರುವಿನ ಮೇಜಿನ ಮೇಲಿಟ್ಟು, ಅಜ್ಜಿ ಯಾರೆಂದು ಅವಳ ಬಾಯಿಂದಲೇ ಕೇಳಿ ತಿಳಿದುಕೊಂಡ. ರೇಗಲಿಲ್ಲ. ಇಂಥದ್ದು ಇನ್ನು ಬೇಡ, ಸಂಬಂಧ ಮುಚ್ಚಿಡಬಾರದು ಎಂದಷ್ಟೇ ಹೇಳಿ, ಅವಳ ಕೆಲಸದ ಒಪ್ಪಂದ ಮಾರ್ಚಿಗೆ ಮುಗಿಯುತ್ತದೆ ಎಂದು ನೆನಪಿಸಿದ.

— ಗೊತ್ತಾಯ್ತು ಬಿಡು, ಎಂದರು ತೊಮೆಕೊ. ದೂರು ಬಂದಿರೋದು ಆ ನೇರಳೆ ಟೋಪಿ ಮೇಲೆ. ಅದು ನನಗೆ ಒಪ್ಪಲ್ಲ ಅಂತ ಅವತ್ತೇ ಹೇಳಿದೆ.

— ಟೋಪಿ ಮೇಲಲ್ಲ ಅತ್ತೆ, ನಿಮ್ಮ ಮೇಲೆ.

— ಯಾಕೆ, ನಾನೇನು ಸುಳ್ಳು ಹೇಳಿದ್ನಾ?

— ಇಲ್ಲ. ಸುಳ್ಳು ಹೇಳಿದ್ದು ನಾನು. ನೀವು ಯಾರೋ ಏನೋ ಅನ್ನೋ ಹಾಗೆ ಮಾತಾಡಿಸಿದೆ.

— ಅದರಲ್ಲೇನಮ್ಮ ಸುಳ್ಳು? ಮನೇಲೂ ಹಾಗೇ ತಾನೆ ಇರ್ತೀಯ.

ಚಿಹಾರು ಬಟ್ಟಲು ಕೆಳಗಿಟ್ಟಳು. ತೊಮೆಕೊ ತುರಿದ ಮೂಲಂಗಿಯನ್ನು ಹಿಂಡುತ್ತಾ, ತಗ್ಗಿದ ದನಿಯಲ್ಲಿ ಮುಂದುವರಿಸಿದರು.

— ನಿಮ್ಮ ಮಾವ ತೀರಿಹೋದ ಮೇಲೆ, ‘ನಿಮಗೇನನ್ನಿಸುತ್ತೆ’ ಅಂತ ನನ್ನನ್ನ ಕೇಳಿದ್ದು ನೀನೊಬ್ಬಳೇ. ಅದೂ ಮೈಕ್ ಹಿಡ್ಕೊಂಡಾಗ.

ಚಿಹಾರು ಗಡಿಯಾರ ನೋಡಿದಳು. ನೋಡಿದ ಮೇಲೆ, ನೋಡಬಾರದಿತ್ತು ಎನ್ನಿಸಿತು. ಅಷ್ಟರಲ್ಲಿ ಹೊರಗೆ ವಾಹಿನಿಯ ವ್ಯಾನು ಹಾರ್ನ್ ಹೊಡೆಯಿತು.

ಅಂದಿನ ಸುದ್ದಿ ಹನ್ನೆರಡನೇ ನಂಬರಿನ ಬಸ್ಸಿನದು. ಗುಡ್ಡದ ಮೇಲಿನ ಆಸ್ಪತ್ರೆಯನ್ನೂ ಅದರಾಚೆಯ ಸ್ಮಶಾನವನ್ನೂ ಮುಟ್ಟುವ ಆ ಬಸ್ಸು ಬರುವ ಏಪ್ರಿಲ್‌ನಿಂದ ಇಲ್ಲ. ಸಂಜೆ ಆರೂ ಹತ್ತಕ್ಕೆ ನೇರ ಪ್ರಸಾರ. ಐದೂವರೆಯಿಂದ ಚಿಹಾರು ನಿಲ್ದಾಣದಲ್ಲಿ ಜನರ ಹಿಂದೆ ಬಿದ್ದಿದ್ದಳು. ಶಾಲಾ ಹುಡುಗಿಯರು ಚೀಲದಲ್ಲಿ ಮುಖ ಮುಚ್ಚಿಕೊಂಡು ಓಡಿದರು. ಕೈಯಲ್ಲಿ ಈರುಳ್ಳಿ ಸೊಪ್ಪಿನ ಕಟ್ಟು ಹಿಡಿದಿದ್ದ ಗೃಹಸ್ಥನೊಬ್ಬ ತಾನು ಈ ಊರಿನವನೇ ಅಲ್ಲವೆಂದ. ಒಬ್ಬ ಹೆಂಗಸು ಮಾತ್ರ ನಿಂತು ಬಹಳ ಚೆನ್ನಾಗಿ ಮಾತಾಡಿ, ಕೊನೆಗೆ ಇದನ್ನೆಲ್ಲ ಟಿವಿಯಲ್ಲಿ ಹಾಕಬೇಡಿ ಎಂದು ಬಗ್ಗಿ ನಮಸ್ಕರಿಸಿ ಹೋದಳು.

ಆಗ ಕ್ಯಾಮೆರಾದವನು ಗದ್ದದಿಂದ ಆಚೆ ಬದಿಗೆ ಸನ್ನೆ ಮಾಡಿದ. ಅಲ್ಲಿ ಎದುರಾಳಿ ವಾಹಿನಿಯ ಉನೊ ಎಂಬ ಎಳೆಯ ವರದಿಗಾರ ಮೈಕ್ ಹಿಡಿದು ನಿಂತಿದ್ದ. ಮೈಕಿನ ಮುಂದೆ ತೊಮೆಕೊ.

— ಪ್ರತಿ ಮಂಗಳವಾರ ಈ ಬಸ್ಸಲ್ಲೇ ನಮ್ಮ ಯಜಮಾನರ ಸಮಾಧಿಗೆ ಹೋಗಿ ಬರ್ತೀನಿ, ಎನ್ನುತ್ತಿದ್ದರು. ಇದನ್ನ ನಿಲ್ಲಿಸಿಬಿಟ್ರೆ ಇನ್ನು ನಾನು ಅಲ್ಲಿಗೆ ಹೋಗೋದು ಒಂದೇ ಸಲ. ವಾಪಸ್ ಬರೋ ಟಿಕೆಟ್ ಬೇಕಾಗಲ್ಲ.

ಉನೊನ ಕಣ್ಣುಗಳು ಅರಳಿದವು. ಚಿಹಾರುವಿನ ಮುಖ ಬಾಡಿತು, ಬರೀ ಸುದ್ದಿ ಕೈತಪ್ಪಿತೆಂದಲ್ಲ. ಒಂದೇ ಮನೆಯಲ್ಲಿದ್ದೂ ಅತ್ತೆ ಮಂಗಳವಾರ ಎಲ್ಲಿಗೆ ಹೋಗುತ್ತಾರೆಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಆರೂ ಹತ್ತಕ್ಕೆ ಅವಳು ಖಾಲಿ ಬೆಂಚು ತೋರಿಸಿ, ನಾಗರಿಕರು ಕಳವಳಗೊಂಡಿದ್ದಾರೆ ಎಂದು ಹೇಳಿ ಮುಗಿಸಿದಳು.

ಏಳಾಗುವುದರೊಳಗೆ ಹಮಸಾಕಿಯ ಫೋನು ಬಂತು.

— ನಿಮ್ಮತ್ತೆ ಆ ವಾಹಿನೀಲಿ ಯಾಕೆ ಬಂದ್ರು?

— ನೀವೇ ಬೇಡ ಅಂದ್ರಲ್ಲ ಸರ್.

— ಸಂಬಂಧ ಮುಚ್ಚಿಡಬೇಡ ಅಂದೆ. ಪಕ್ಕದವರಿಗೆ ಕೊಟ್ಟುಬಿಡು ಅಂದ್ನಾ?

ಅತ್ತೆ ಎಂಬುದನ್ನು ಪರದೆಯ ಮೇಲೆ ದಪ್ಪಕ್ಷರದಲ್ಲಿ ಹಾಕಿ, ನಾಳೆಯೇ ಅವರನ್ನು ಸ್ಟುಡಿಯೊದಲ್ಲಿ ಕೂರಿಸಬೇಕೆಂದ. ಚಿಹಾರು ತನ್ನ ಒಪ್ಪಂದದ ವಿಷಯ ಎತ್ತಿದಳು. ಅವರು ಬಂದರೆ ನೀನೂ ಇರುತ್ತೀಯ ಎಂದು ಹೇಳಿ ಫೋನು ಇಟ್ಟುಬಿಟ್ಟ.

ಮನೆಯಲ್ಲಿ ತೊಮೆಕೊ ಸುಟ್ಟ ಮೀನು ಬಿಡಿಸುತ್ತಾ ಕುಳಿತಿದ್ದರು. ಚಿಹಾರು ಕೋಟು ಬಿಚ್ಚಿ ಎದುರಿಗೆ ಕೂತು, ಸ್ಟುಡಿಯೊದ ಮಾತೆತ್ತದೆ, ಮಂಗಳವಾರದ ಬಗ್ಗೆ ಕೇಳಿದಳು. ಮಾವನಿಗೆ ಪ್ರಿಯವಾದ ಸಿಹಿ ಅಕ್ಕಿ ಉಂಡೆಯನ್ನು ಸಮಾಧಿಗೆ ಒಯ್ಯುವುದು, ಅಲ್ಲಿ ಅವರಿಗೆ ಊರಿನ ಸುದ್ದಿಯನ್ನೆಲ್ಲ ಒಪ್ಪಿಸುವುದು, ಸೊಸೆ ಟಿವಿಯಲ್ಲಿ ಎಲ್ಲಿ ತಡವರಿಸಿದಳೆಂದು ಚಾಡಿ ಹೇಳುವುದು ಎಲ್ಲ ಹೊರಬಂತು. ಕೇಳಿ ಮುಗಿಯುವ ಹೊತ್ತಿಗೆ ಮೀನು ಆರಿ ತಣ್ಣಗಾಗಿತ್ತು. ಆಮೇಲೆ ಚಿಹಾರು ಹಮಸಾಕಿಯ ಬೇಡಿಕೆಯನ್ನು ಮುಂದಿಟ್ಟಳು. ತೊಮೆಕೊ ಊಟದ ಕಡ್ಡಿಗಳನ್ನು ಕೆಳಗಿಟ್ಟು ಯೋಚಿಸಿದರು.

— ನನ್ನ ಹೆಸರಿನ ಕೆಳಗೆ ಏನಂತ ಬರೀತಾರೆ?

— ವರದಿಗಾರ್ತಿಯ ಅತ್ತೆ ಅಂತ.

— ನಲವತ್ತು ವರ್ಷ ಆ ಬಸ್ಸಲ್ಲಿ ಓಡಾಡಿದೋಳು ನಾನು. ಪ್ರಯಾಣಿಕರು ಅಂತ ಬರೀಲಿ.

— ಆಗಲ್ಲ ಅತ್ತೆ. ಸಂಬಂಧ ಮುಚ್ಚಿಡೋ ಹಾಗಿಲ್ಲ.

— ಮುಚ್ಚಿಡು ಅಂತ ಯಾರಂದ್ರು? ನಿನ್ನ ಹೆಸರಿನ ಕೆಳಗೆ ಬರೀಲಿ, ತೊಮೆಕೊ ಅವರ ಸೊಸೆ ಅಂತ.