ಅತ್ತೆಯ ಕೂಟದಲ್ಲಿ ಆಮೆನ್ ಸುಲಭವಲ್ಲ

ದೇವರಿಗೆ ಕೆಲಸ ಕಡಿಮೆ ಮಾಡಿಕೊಡಬೇಕೆಂದು ಪಣ ತೊಟ್ಟವರನ್ನು ನೀವು ನೋಡಿದ್ದೀರಾ? ನೋಡಬೇಕೆಂದರೆ ಗುರುವಾರ ಸಂಜೆ ಆಳಂದದ ನಮ್ಮತ್ತೆಯ ಮನೆಗೆ ಬನ್ನಿ. ಆದರೆ ಬಾಯಿ ಬಿಗಿಹಿಡಿದು ಬನ್ನಿ!

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಸರ್ಕಾರಿ ಆಸ್ಪತ್ರೆಯ ನರ್ಸ್ ಆಗಿ ನಿವೃತ್ತಿಯಾದವಳು. ಓಣಿಗೆಲ್ಲ ಈಗಲೂ ‘ಸಿಸ್ಟರ್’. ಅವಳ ಅಂಗಳದಲ್ಲಿ ನಮ್ಮ ಪ್ರಾರ್ಥನಾ ಕೂಟ ಸೇರುತ್ತದೆ. ಒಂಬತ್ತು ಜನ, ಚಹಾದ ಜೊತೆ ಚುಡಾ ಇದ್ದ ದಿನ ಹನ್ನೊಂದು. ದಿನಚರಿ ಬರೆಯುವ ರೋಗ ನನಗಿರುವುದರಿಂದ ಯಾರು ಬಂದರು, ಏನು ಬೇಡಿದರು, ಯಾರು ನಿದ್ದೆ ಹೋದರು ಎಂಬುದನ್ನೆಲ್ಲ ಗುರುತು ಮಾಡಿಡುತ್ತೇನೆ.

ಬೇರೆ ಕೂಟಗಳಲ್ಲಿ ಬೇಡಿಕೆ ಹೇಳಿ, ಕಣ್ಣು ಮುಚ್ಚಿ, ಆಮೆನ್ ಎಂದು ಮನೆಗೆ ಹೋಗುತ್ತಾರೆ. ಅತ್ತೆಯ ಬಳಿ ಅದು ನಡೆಯುವುದಿಲ್ಲ. ಭೀಮಾ ನದಿ ಉಕ್ಕಿದ ವರ್ಷ ಕೂಟದ ಹಿರಿಯರಾದ ಬಲವಂತಪ್ಪ ಕಾಕಾ ಕಣ್ಣು ಮುಚ್ಚಿ, ಧ್ವನಿ ನಡುಗಿಸಿ, “ಕರ್ತನೇ, ಮಣ್ಣೂರಾಗ ಮನಿಮನಿಗೂ ರಾಡಿ ಹೊಕ್ಕದ, ಆ ಬಡವರ ಮನಿ ಸ್ವಚ್ಛ ಮಾಡು...” ಎನ್ನುತ್ತಿದ್ದಂತೆ ಅತ್ತೆ ತಡೆದಳು.

“ನಿಂದರ್ರಿ! ರಾಡಿ ಬಳಿಯಾಕ ದೇವರೇ ಬರಬೇಕೇನ್ರಿ? ನಿಮ್ಮನ್ಯಾಗ ಸಲಿಕಿ ಇಲ್ಲೇನು?”

ಶನಿವಾರ ಒಂಬತ್ತು ಜನರೂ ಮಣ್ಣೂರಿನಲ್ಲಿ ಮೊಣಕಾಲುದ್ದ ಕೆಸರಿನೊಳಗಿದ್ದೆವು. ಒಬ್ಬ ಅಜ್ಜಿ ಸಂಶಯದಿಂದ ಕೇಳಿದಳು: “ಯಾ ಪಾರ್ಟಿಯವರ್ರಿ ನೀವು?”

“ಯಾ ಪಾರ್ಟಿನೂ ಅಲ್ಲಬೇ. ಪ್ರಾರ್ಥನಾ ಮಾಡೋರು,” ಎಂದಳು ಅತ್ತೆ.

“ಅದು ಖರೇ. ಓಟು ಯಾರಿಗಿ ಹಾಕಬೇಕು ಅದನ್ನ ಹೇಳು!”

ಆಮೇಲೆ ತೊಗರಿ ಸುಗ್ಗಿ. ನಿಂಬರ್ಗಾದ ರೈತನೊಬ್ಬನಿಗೆ ಆಳು ಸಿಗುತ್ತಿಲ್ಲವೆಂದು ಯಾರೋ ಬೇಡಿದ್ದೇ ತಪ್ಪಾಯಿತು. ಕುಡುಗೋಲು ಹಿಡಿದು ಹೊರಟೆವು. ಬಲವಂತಪ್ಪ ಕಾಕಾ ಎರಡು ಸಾಲು ಕೊಯ್ದು ಬದುವಿನ ಮೇಲೆ ಉರುಳಿದರು. ಸಂಜೆಯವರೆಗೆ ಆ ರೈತ ತನ್ನ ಹೊಲ ಬಿಟ್ಟು ಅವರ ಸೊಂಟಕ್ಕೆ ಎಣ್ಣೆ ತಿಕ್ಕಿದ. ಯಾರ ಸೇವೆ ಯಾರು ಮಾಡಿದಂತಾಯಿತು, ನೀವೇ ಹೇಳಿ!

ಇದಾದ ಮೇಲೆ ನಮ್ಮವರು ಜಾಣರಾದರು. ಬೇಡಿಕೆಗಳೆಲ್ಲ ಒಮ್ಮೆಲೇ ಸಮುದ್ರ ದಾಟಿದವು. ಎಲ್ಲೋ ಉಗುಳುವ ಜ್ವಾಲಾಮುಖಿ, ಹೆಸರು ಹೇಳಲು ಬಾರದ ದೇಶದ ಭೂಕಂಪ, ಲೋಕದ ಸಕಲ ರಾಜರಿಗೆ ಸದ್ಬುದ್ಧಿ! ಅಲ್ಲಿಗಂತೂ ಸಲಿಕೆ ಹಿಡಿದು ಹೋಗುವಂತಿಲ್ಲವಲ್ಲ? ಅತ್ತೆ ಒಂದು ತಿಂಗಳು ನೋಡಿ ಕೊನೆಗೆ ಕೇಳಿದಳು: “ಏನ್ರಿ, ನಮ್ಮ ಓಣ್ಯಾಗಿನವ್ರೆಲ್ಲ ಸ್ವರ್ಗಕ್ಕ ಹೋಗಿಬಿಟ್ಟಾರೇನು?”

ಎಲ್ಲರ ಕಣ್ಣುಗಳೂ ಅಂಗಳದ ಗೋಡೆಯ ಕಡೆ ಹೋಗಿ ಹಿಂದಕ್ಕೆ ಬಂದವು.

ಗೋಡೆಯಾಚೆ ಬಾನುಬಿಯ ಮನೆ. ಒಂದು ಕಾಲಕ್ಕೆ ರಂಜಾನಿನ ಶೀರಕುರ್ಮಾ ಆ ಗೋಡೆಯ ಮೇಲಿಂದ ಈಚೆ ಬರುತ್ತಿತ್ತು, ಕ್ರಿಸ್‌ಮಸ್ಸಿನ ಕರಜಿಕಾಯಿ ಆಚೆ ಹೋಗುತ್ತಿತ್ತು. ಬಾನುಬಿಯ ಬೇವಿನಮರದ ಒಂದು ಟೊಂಗೆ ನಮ್ಮ ಕೂಟಕ್ಕೆ ನೆರಳು ಕೊಡುತ್ತಿತ್ತು. ಜೊತೆಗೆ ಹಾಡಿನ ಪುಸ್ತಕದ ಮೇಲೆ ಎಲೆಯನ್ನೂ ಉದುರಿಸುತ್ತಿತ್ತು. ಕಸ ಗುಡಿಸಿ ಬೇಸತ್ತ ಅತ್ತೆ, ಬಾನುಬಿ ಜೇವರ್ಗಿಯ ಮಗಳ ಮನೆಗೆ ಹೋಗಿದ್ದಾಗ ಆ ಟೊಂಗೆ ಕಡಿಸಿದಳು. ಬಾನುಬಿ ಬಂದು ನೋಡಿ, “ನೆಳ್ಳು ಕಡದಿ ಸಿಸ್ಟರ್. ಇನ್ನ ಮಾತು ಸಾಕು” ಎಂದಳು. ನಾಲ್ಕು ವರ್ಷವಾಯಿತು. ಮೂರು ತಾಲ್ಲೂಕು ಸುತ್ತಿದ ಅತ್ತೆ ಆ ಹೊಸ್ತಿಲು ಮಾತ್ರ ತುಳಿಯಲಿಲ್ಲ. ಕೂಟದಲ್ಲಿ ಆ ಹೆಸರೆತ್ತುವ ಧೈರ್ಯ ಯಾರಿಗೂ ಇರಲಿಲ್ಲ.

ಮಾರ್ಚಿನ ಒಂದು ಗುರುವಾರ, ಬಿಸಿಲು ಇನ್ನೂ ಇಳಿದಿರಲಿಲ್ಲ. ಬಲವಂತಪ್ಪ ಕಾಕಾ ಕಣ್ಣು ಮುಚ್ಚಿದರು. “ಕರ್ತನೇ, ಗ್ವಾಡಿ ಆಚಿ ಬಾನುಬಿಗಿ ಮರವಿನ ರೋಗ ಹತ್ತ್ಯಾದ, ಈಗ ಹೇಳಿದ್ದು ಈಗ ಮರೀತಾಳ. ಸೊಸಿ ಕೆಲಸಕ್ಕ ಹೋದ್ರ ದಿನಾ ಒಬ್ಬಾಕಿನೇ ಕುಂದರ್ತಾಳ. ಯಾರನ್ನಾರ ಕಳಸಪ್ಪ.”

ನಾವೆಲ್ಲ ಒಂದೊಂದು ಕಣ್ಣು ತೆರೆದೆವು. ಅತ್ತೆಯ ಮುಖ ಕೆಂಪಾಗಿತ್ತು.

“ಇದು... ದೇವರ ಕೈಯಾಗಿನ ಮಾತು,” ಎಂದಳು ಮೆಲ್ಲಗೆ.

“ಮಣ್ಣೂರಿಗಿ ಬಸ್ ಹತ್ತಿ ಹೋದ್ವಿ ಸಿಸ್ಟರ್,” ಎಂದರು ಕಾಕಾ, “ಇಲ್ಲಿಗಿ ಬಸ್ ಸುದ್ದಾ ಬೇಕಾಗಿಲ್ರಿ.”

ಅತ್ತೆ ಎದ್ದಳು. ನಾವೂ ಹಿಂದೆಯೇ ಹೋದೆವು. ದಾರಿಯುದ್ದಕ್ಕೂ ಅವಳು ತುಟಿ ಅಲುಗಿಸುತ್ತಿದ್ದಳು. ತಪ್ಪೊಪ್ಪಿಗೆಯ ಮಾತು ಜೋಡಿಸಿಕೊಳ್ಳುತ್ತಿದ್ದಳು.

ಸೊಸೆ ರೇಷ್ಮಾ ಆಗಷ್ಟೇ ಕೆಲಸದಿಂದ ಬಂದಿದ್ದಳು, ಬಾಗಿಲು ತೆರೆದಳು. ಮಂಚದ ಮೇಲೆ ಕೂತಿದ್ದ ಬಾನುಬಿ ಅತ್ತೆಯನ್ನು ಕಣ್ಣು ಕಿರಿದು ಮಾಡಿ ನೋಡಿ, “ಕೋನ್ ಮಾ? ಬಾ, ಕುಂದರು” ಎಂದಳು. ಗುರುತು ಸಿಗಲಿಲ್ಲ. ಅತ್ತೆಯ ಕೈ ಹಿಡಿದು ಗುಟ್ಟು ಹೇಳುವವಳಂತೆ ಬಾಗಿದಳು. “ಬಾಜೂ ಮನಿ ಸಿಸ್ಟರ್ ಗೊತ್ತದಾಳೇನು ನಿನಗ? ನನ್ನ ಬೇವಿನ ಟೊಂಗಿ ಕಡಿಸ್ಯಾಳ. ಹುಚ್ಚಿ! ಈಗ ಬಿಸಲಾಗ ಕುಂತು ಹಾಡ್ತಾಳ. ಹಾಡೋದು ಮಾತ್ರ ಭಾಳ ಛಲೋ ಹಾಡ್ತಾಳ ನೋಡು. ನಾ ಖಿಡಕಿ ಹಾಕೋದೇ ಇಲ್ಲ.”

ಅತ್ತೆ ಆ ಕೈ ಬಿಡಲಿಲ್ಲ. “ಬಾನುಬಿ, ನಂದು ತಪ್ಪಾತು.”

ಬಾನುಬಿ ನಕ್ಕಳು. “ನೀ ಯಾಕ ಅಂತಿ ತಂಗಿ? ಅದು ಆಕಿ ಅನಬೇಕು. ಬಾ ಅಂತ ಹೇಳು ಆಕಿಗಿ.”

ಆ ಸಂಜೆ ಕೂಟ ಮುಂದುವರಿಯಲಿಲ್ಲ. ಅತ್ತೆ ಬಾಚಣಿಗೆ ತರಿಸಿ, ಬಾನುಬಿಯ ಸಿಕ್ಕುಗಟ್ಟಿದ ಕೂದಲು ಬಿಡಿಸುತ್ತ ಕೂತಳು. ಈಗ ರೇಷ್ಮಾ ಕೆಲಸಕ್ಕೆ ಹೊರಟ ಕೂಡಲೇ ಅತ್ತೆ ಅಲ್ಲಿರುತ್ತಾಳೆ. ಕೂಟದವರೂ ಸರದಿ ಹಾಕಿಕೊಂಡು ಹೋಗುತ್ತಾರೆ.

ನಿನ್ನೆ ನನ್ನ ಸರದಿ. ಅತ್ತೆ ಬಾನುಬಿಗೆ ಗಂಜಿ ಕುಡಿಸುತ್ತಿದ್ದಳು. ಬಾನುಬಿ ಬಾಗಿಲ ಕಡೆ ನೋಡಿ ಕೇಳಿದಳು: “ಸಿಸ್ಟರ್‌ಗಿ ಬಾ ಅಂತ ಹೇಳು ಅಂದಿದ್ನೆಲ್ಲಾ, ಬಂದ್ಲೇನು?”

“ಬರಾಕತ್ಯಾಳ, ಬಾನುಬಿ,” ಎಂದಳು ಅತ್ತೆ.

“ಭಾಳ ತಡಾ ಮಾಡ್ಯಾಳ.”

ಅತ್ತೆ ಸೆರಗಿನಿಂದ ಅವಳ ಬಾಯಿ ಒರೆಸಿದಳು. “ಹೌದು ಬಾನುಬಿ,” ಎಂದಳು, “ಭಾಳ ತಡಾ ಮಾಡ್ಯಾಳ.”